ಅಂಕಪಟ್ಟಿಯ ಹಿಂದಿರುವ ಮನೆ

ಬೀದರ ನಗರಕ್ಕೆ ಸೇರಿದ ನೌಬಾದದಲ್ಲಿ ನೆಲದೊಳಗೆ ಹರಿಯುವ ಕಾಲುವೆಯೊಂದುಂಟು. ಬಹಮನಿ ಸುಲ್ತಾನರ ಆಳ್ವಿಕೆಯಲ್ಲಿ, ಹದಿನೈದನೆಯ ಶತಮಾನದಲ್ಲಿ, ಪರ್ಷಿಯಾ ದೇಶದ ಪದ್ಧತಿಯನ್ನು ಅನುಸರಿಸಿ ಜಂಬಿಟ್ಟಿಗೆ ಕಲ್ಲನ್ನು ಕೊರೆದು ನಿರ್ಮಿಸಿದ ಈ ಸುರಂಗಕ್ಕೆ ಕರೇಜ್ ಎಂದು ಹೆಸರು. ಜನರು ಇದನ್ನು ಸುರಂಗ ಬಾವಿ ಎಂದೂ ಕರೆಯುವರು. ಸುರಂಗದ ಬಾಯಿಯಲ್ಲಿ ನಿಂತವನಿಗೆ ಕಾಣುವುದು ಹೊರಬರುವ ನೀರು ಮಾತ್ರ. ಅದು ಎಲ್ಲಿ ಬಿದ್ದ ಮಳೆಯ ನೀರು, ಯಾವ ಬಂಡೆಯ ಸಂದಿನಲ್ಲಿ ಜಿನುಗಿತು, ದಾರಿಯಲ್ಲಿ ಎಷ್ಟು ಇಂಗಿಹೋಯಿತು ಎಂಬುದು ಅವನಿಗೆ ಕಾಣುವುದಿಲ್ಲ.

ಶಾಲೆಯ ಅಂಕಪಟ್ಟಿಯೂ ಬಹುಮಟ್ಟಿಗೆ ಇಂಥದೇ. ಒಂದೇ ಬೆಂಚಿನ ಮೇಲೆ ಇಬ್ಬರು ಹುಡುಗರು ಕುಳಿತಿರುವರೆಂದು ಭಾವಿಸೋಣ. ಇಬ್ಬರಿಗೂ ಒಬ್ಬರೇ ಗುರುಗಳು, ಒಂದೇ ಪುಸ್ತಕ, ಒಂದೇ ಕಪ್ಪುಹಲಗೆ. ಪರೀಕ್ಷೆಯಲ್ಲಿ ಒಬ್ಬನಿಗೆ ೮೦ ಅಂಕಗಳು ಬಂದರೆ ಇನ್ನೊಬ್ಬನಿಗೆ ೨೮ ಬರುತ್ತವೆ. ಮೊದಲನೆಯವನು ಜಾಣ, ಎರಡನೆಯವನು ದಡ್ಡ ಎಂದು ನಾವು ಕೂಡಲೇ ತೀರ್ಪು ಕೊಡುತ್ತೇವೆ. ಆದರೆ ಆ ಹುಡುಗರು ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಶಾಲೆಯಲ್ಲಿರುವುದು ಆರೇಳು ಗಂಟೆ ಮಾತ್ರ. ಉಳಿದ ಕಾಲವನ್ನೆಲ್ಲ ಅವರು ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ಕಳೆಯುವರು. ಆ ಹದಿನೇಳು ಗಂಟೆಗಳಲ್ಲಿ ನಡೆಯುವುದನ್ನು ಲೆಕ್ಕಕ್ಕೆ ಹಿಡಿಯದೆ ಕೊಟ್ಟ ತೀರ್ಪು ನ್ಯಾಯವಾದೀತೆ?

ಇದು ಬರಿಯ ಚರ್ಚೆಯ ವಿಷಯವಲ್ಲ. ದಡ್ಡನೆಂಬ ಹೆಸರು ಹೊತ್ತ ಹುಡುಗನು ಹತ್ತನೆಯ ತರಗತಿಯಲ್ಲಿ ನಪಾಸಾದರೆ ಓದಿಗೆ ಶರಣು ಹೇಳಿ ಕೂಲಿಗೆ ಹೊರಡುತ್ತಾನೆ. ಹುಡುಗಿಯಾದರೆ ಅನೇಕ ಮನೆಗಳಲ್ಲಿ ಮದುವೆಯ ಮಾತು ಆರಂಭವಾಗುತ್ತದೆ. ೨೦೨೫ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಫಲಿತಾಂಶ ಶೇಕಡಾ ೯೧ಕ್ಕೂ ಮೇಲಿದ್ದಾಗ ಬೀದರಿನ ನೆರೆಯ ಕಲಬುರಗಿ ಜಿಲ್ಲೆಯದು ಶೇಕಡಾ ೪೨ರಷ್ಟಿತ್ತು. ಕಡಲ ತೀರದಲ್ಲಿ ಜಾಣರೂ ಬಯಲುಸೀಮೆಯಲ್ಲಿ ದಡ್ಡರೂ ಹುಟ್ಟುವರೆಂದು ವಿವೇಕವುಳ್ಳ ಯಾರೂ ಹೇಳಲಾರರು. ಹಾಗಾದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಎಣಿಸಿ ನೋಡಿದವರು

ಮನೆಗೂ ಓದಿಗೂ ಇರುವ ಸಂಬಂಧವನ್ನು ಮೊದಲಿಗೆ ವಿಸ್ತಾರವಾಗಿ ಅಳೆದವರಲ್ಲಿ ಇಂಗ್ಲೆಂಡಿನ ಜೆ. ಡಬ್ಲ್ಯು. ಬಿ. ಡಗ್ಲಸ್ ಒಬ್ಬರು. ಅವರು ೧೯೪೬ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ೫,೩೬೨ ಮಕ್ಕಳ ಬೆಳವಣಿಗೆಯನ್ನು ವರ್ಷವರ್ಷವೂ ಬೆನ್ನುಹತ್ತಿ ನೋಡಿದರು. ಎಂಟನೆಯ ವಯಸ್ಸಿನಲ್ಲಿ ಬಡ ಕೆಲಸಗಾರರ ಮಕ್ಕಳಿಗೂ ಅನುಕೂಲಸ್ಥರ ಮಕ್ಕಳಿಗೂ ಇದ್ದ ಅಂತರವು ಹನ್ನೊಂದನೆಯ ವಯಸ್ಸಿಗೆ ಇನ್ನಷ್ಟು ಅಗಲವಾಗಿತ್ತೆಂದು ೧೯೬೪ರಲ್ಲಿ ಪ್ರಕಟಿಸಿದರು. ತಂದೆತಾಯಿಗಳು ಮಕ್ಕಳ ಓದಿನಲ್ಲಿ ತೋರುವ ಆಸಕ್ತಿಯು ಬಹು ಮುಖ್ಯವಾದ ಕಾರಣಗಳಲ್ಲೊಂದೆಂದು ಅವರಿಗೆ ಕಂಡುಬಂದಿತು. ೧೯೬೬ರಲ್ಲಿ ಅಮೆರಿಕದ ಜೇಮ್ಸ್ ಕೋಲ್‌ಮನ್ ಮತ್ತು ಸಂಗಡಿಗರು ಸುಮಾರು ೪,೦೦೦ ಶಾಲೆಗಳ ಆರು ಲಕ್ಷದಷ್ಟು ವಿದ್ಯಾರ್ಥಿಗಳನ್ನು ಪರಿಶೀಲಿಸಿದರು. ಕಟ್ಟಡ, ಗ್ರಂಥಾಲಯ, ಪ್ರಯೋಗಶಾಲೆಗಳ ವ್ಯತ್ಯಾಸಕ್ಕಿಂತ ಮನೆಯ ಹಿನ್ನೆಲೆಯ ವ್ಯತ್ಯಾಸವೇ ಅಂಕಗಳಲ್ಲಿ ಹೆಚ್ಚಾಗಿ ಮೂಡುವುದೆಂದು ಅವರ ವರದಿ ಸಾರಿತು.

ಇಷ್ಟನ್ನೇ ಓದಿದವರು, ಶಾಲೆಯಿಂದ ಏನೂ ಆಗದು, ಎಲ್ಲವೂ ಮನೆಯ ಋಣ ಎಂದು ಕೈಚೆಲ್ಲುವ ಅಪಾಯವುಂಟು. ಆದರೆ ೧೯೮೩ರಲ್ಲಿ ಹೈನೆಮನ್ ಮತ್ತು ಲಾಕ್ಸ್‌ಲಿ ಎಂಬ ಸಂಶೋಧಕರು ೨೯ ದೇಶಗಳನ್ನು ಹೋಲಿಸಿದಾಗ ಚಿತ್ರದ ಇನ್ನೊಂದು ಮಗ್ಗುಲು ಕಂಡಿತು. ದೇಶವು ಬಡವಾದಷ್ಟೂ ಶಾಲೆಯ ಮತ್ತು ಶಿಕ್ಷಕರ ಗುಣದ ಪ್ರಭಾವವು ಹೆಚ್ಚು. ಮನೆಯ ಪ್ರಭಾವವು ಅಷ್ಟರಮಟ್ಟಿಗೆ ಕಡಿಮೆ. ಪುಸ್ತಕ, ಪತ್ರಿಕೆ, ಓದಿದ ಬಂಧುಗಳು ಯಾವುದೂ ಇಲ್ಲದ ಮನೆಯ ಮಗುವಿಗೆ ವಿದ್ಯೆಯ ಬಾಗಿಲು ಶಾಲೆಯೊಂದೇ ಆಗಿರುವುದು ಇದಕ್ಕೆ ಕಾರಣವಿರಬಹುದು. ಔರಾದ, ಭಾಲ್ಕಿಗಳಂಥ ತಾಲ್ಲೂಕುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಇನ್ನು, ಮನೆಯು ಮಗುವಿನ ಓದಿನೊಳಗೆ ಯಾವ ಯಾವ ದಾರಿಗಳಿಂದ ಪ್ರವೇಶಿಸುವುದೆಂಬುದನ್ನು ಒಂದೊಂದಾಗಿ ನೋಡೋಣ.

ಹಸಿವೂ ಗಮನವೂ

ಮೊದಲನೆಯ ದಾರಿ ಹೊಟ್ಟೆಯದು. ಮಿದುಳು ದೇಹದ ತೂಕದಲ್ಲಿ ಐವತ್ತನೆಯ ಒಂದು ಭಾಗದಷ್ಟಿದ್ದರೂ ನಾವು ಸುಮ್ಮನೆ ಕುಳಿತಿರುವಾಗ ದೇಹವು ವ್ಯಯಿಸುವ ಶಕ್ತಿಯ ಐದನೆಯ ಒಂದು ಭಾಗವನ್ನು ತಾನೇ ಬಳಸಿಕೊಳ್ಳುತ್ತದೆ. ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ಬೆಳಗಿನಲ್ಲಿ ಬರಿಯ ಚಹ ಕುಡಿದು ಶಾಲೆಗೆ ಬಂದ ಹುಡುಗನ ಗಮನವು ಹನ್ನೊಂದು ಗಂಟೆಯ ಹೊತ್ತಿಗೆ ಜಾರತೊಡಗಿದರೆ ಅದು ಸೋಮಾರಿತನವಲ್ಲ.

ಹೊಟ್ಟೆ ತುಂಬಿದರೂ ಆಹಾರದಲ್ಲಿ ಕಬ್ಬಿಣದ ಅಂಶ ಸಾಲದಿದ್ದರೆ ತೊಂದರೆ ತಪ್ಪದು. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ವಸ್ತುವು ಆಮ್ಲಜನಕವನ್ನು ಹೊತ್ತು ಸಾಗಿಸುತ್ತದೆ. ಅದರ ರಚನೆಗೆ ಕಬ್ಬಿಣ ಬೇಕು. ಮಿದುಳಿನ ಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮೀನ್ ಮುಂತಾದ ರಾಸಾಯನಿಕಗಳ ತಯಾರಿಕೆಗೂ ಕಬ್ಬಿಣ ಬೇಕು. ಶೇಷಾದ್ರಿ ಮತ್ತು ಗೋಪಾಲದಾಸ್ ಎಂಬ ವಿಜ್ಞಾನಿಗಳು ಬರೋಡದಲ್ಲಿ ಮಕ್ಕಳಿಗೆ ಕಬ್ಬಿಣದ ಗುಳಿಗೆ ಕೊಟ್ಟು ನಡೆಸಿದ ಪ್ರಯೋಗಗಳನ್ನು ೧೯೮೯ರಲ್ಲಿ ಪ್ರಕಟಿಸಿದರು. ಗುಳಿಗೆ ಪಡೆದ ರಕ್ತಹೀನ ಮಕ್ಕಳು ಗಮನ, ನೆನಪುಗಳ ಪರೀಕ್ಷೆಗಳಲ್ಲಿ ಸುಧಾರಿಸಿದ್ದರು. ಮಂಕಾಗಿ ಕಾಣುವ ಮಗುವಿನ ಮಂಕುತನವು ಕೆಲವು ವೇಳೆ ರಕ್ತದಲ್ಲಿರುವುದೇ ಹೊರತು ಬುದ್ಧಿಯಲ್ಲಲ್ಲ.

ನಮ್ಮ ನಾಡಿನ ಹಿರಿಯರು ಈ ವಿಷಯವನ್ನು ತಮ್ಮದೇ ರೀತಿಯಲ್ಲಿ ಬಲ್ಲವರಾಗಿದ್ದರು. ಬಡ ವಿದ್ಯಾರ್ಥಿಯು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿಯೂ ಮಠಗಳ ಪ್ರಸಾದ ನಿಲಯಗಳೂ ಇದಕ್ಕೆ ಸಾಕ್ಷಿ. ಇಂದು ಈ ಕೆಲಸವನ್ನು ಸರಕಾರವು ವಹಿಸಿಕೊಂಡಿದೆ. ಕರ್ನಾಟಕದಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆಯು ೨೦೦೨ರಲ್ಲಿ ಮೊದಲು ಆರಂಭವಾದುದು ಬೀದರ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ೨೦೨೧ರ ಡಿಸೆಂಬರಿನಲ್ಲಿ ಶಾಲೆಯ ಊಟದೊಡನೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುವ ಕ್ರಮವು ಮೊದಲಾದುದೂ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೇ. ಭಾರತದ ಬಿಸಿಯೂಟವನ್ನು ಕುರಿತು ೨೦೧೯ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಐದು ವರ್ಷಗಳವರೆಗೆ ಊಟ ಪಡೆದ ಮಕ್ಕಳ ಓದುವ ಪರೀಕ್ಷೆಯ ಅಂಕಗಳು ಒಂದು ವರ್ಷಕ್ಕಿಂತ ಕಡಿಮೆ ಕಾಲ ಪಡೆದವರಿಗಿಂತ ಶೇಕಡಾ ೧೮ರಷ್ಟು ಹೆಚ್ಚಾಗಿದ್ದವು. ಗಣಿತದಲ್ಲಿ ಈ ಹೆಚ್ಚಳವು ಶೇಕಡಾ ೯ರಷ್ಟಿತ್ತು. ಒಂದೆರಡು ದಿನಗಳ ಊಟವಲ್ಲ, ವರ್ಷಗಟ್ಟಲೆ ತಪ್ಪದೆ ದೊರೆತ ಊಟವು ಈ ಫಲವನ್ನು ಕೊಟ್ಟಿತೆಂಬುದನ್ನು ಗಮನಿಸಬೇಕು.

ಮನೆಯ ಮಾತು, ಪುಸ್ತಕದ ಮಾತು

ಎರಡನೆಯ ದಾರಿ ಭಾಷೆಯದು. ಬೀದರ ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಮಹಾರಾಷ್ಟ್ರ, ತೆಲಂಗಾಣಗಳೆರಡೂ ಇದರ ಗಡಿಗೆ ತಾಗಿವೆ. ಆದುದರಿಂದ ಇಲ್ಲಿಯ ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತುಗಳು ಕಿವಿಗೆ ಬೀಳುವುದುಂಟು. ನಿಜಾಮರ ಕಾಲದಲ್ಲಿ ಶಾಲೆಯ ಭಾಷೆ ಉರ್ದುವಾಗಿತ್ತು. ಅಂದು ಉರ್ದುವಿನಲ್ಲಿ ಓದು ಕಲಿತ ಅಜ್ಜನು ಮುಂದೆ ಕನ್ನಡದ ಶಾಲೆಗೆ ಹೋದ ಮೊಮ್ಮಗನ ಪಾಠವನ್ನು ನೋಡಿಕೊಡಲಾರದೆ ಹೋದನು. ವಿದ್ಯೆಯಿದ್ದೂ ಅದು ಮುಂದಿನ ತಲೆಮಾರಿಗೆ ಹರಿಯಲಿಲ್ಲ.

ಲಂಬಾಣಿ ತಾಂಡಾದ ಮಗುವು ಆರನೆಯ ವಯಸ್ಸಿನಲ್ಲಿ ಶಾಲೆಗೆ ಬರುವಾಗ ಸಾವಿರಾರು ಶಬ್ದಗಳನ್ನು ಬಲ್ಲದು. ಆದರೆ ಆ ಶಬ್ದಗಳು ಪಠ್ಯಪುಸ್ತಕದಲ್ಲಿಲ್ಲ. ಕನ್ನಡದ ಮನೆಯಿಂದ ಬಂದ ಮಗುವಿಗೂ ಸ್ವಲ್ಪ ಮಟ್ಟಿಗೆ ಇದೇ ತೊಡಕು. ಮನೆಯಲ್ಲಿ ‘ಹ್ಯಾಂಗ’ ಎನ್ನುವ ಮಗುವು ಪುಸ್ತಕದಲ್ಲಿ ‘ಹೇಗೆ’ ಎಂದು ಓದಬೇಕು. ಅಕ್ಷರ ಕಲಿಯುವುದೆಂದರೆ ತಿಳಿದ ಮಾತಿಗೆ ತಿಳಿಯದ ಗುರುತನ್ನು ಜೋಡಿಸುವ ಕೆಲಸ. ಮಾತೂ ತಿಳಿಯದು, ಗುರುತೂ ತಿಳಿಯದು ಎಂದಾಗ ಹೊರೆ ಇಮ್ಮಡಿಯಾಗುತ್ತದೆ. ಮೊದಲ ಶಿಕ್ಷಣವು ತಾಯಿನುಡಿಯಲ್ಲಿರಲೆಂದು ಯುನೆಸ್ಕೋ ಸಂಸ್ಥೆಯು ೧೯೫೩ರಷ್ಟು ಹಿಂದೆಯೇ ಹೇಳಿದುದು ಈ ಕಾರಣದಿಂದಲೇ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ವಲಸೆ ಬಂದ ಮಕ್ಕಳನ್ನು ಪರಿಶೀಲಿಸಿ, ಆಟದ ಬಯಲಿನ ಮಾತನ್ನು ಮಕ್ಕಳು ಸುಮಾರು ಎರಡು ವರ್ಷಗಳಲ್ಲಿ ಕಲಿಯುವರೆಂದೂ ಪಾಠದ ಮಾತು ಕೈವಶವಾಗಲು ಐದರಿಂದ ಏಳು ವರ್ಷಗಳು ಬೇಕೆಂದೂ ತೋರಿಸಿದರು. ‘ಹುಡುಗ ಚೆನ್ನಾಗಿ ಮಾತನಾಡುತ್ತಾನೆ, ಬರೆಯಲು ಮಾತ್ರ ಸೋಮಾರಿ’ ಎಂದು ಶಿಕ್ಷಕರು ಹೇಳುವಾಗ ಆ ಹುಡುಗನು ಈ ಎರಡು ಗಡುವುಗಳ ನಡುವೆ ಇರಬಹುದು.

ಸಂತೆಯ ಲೆಕ್ಕ

ಮನೆಯ ಅನುಭವವು ಶಾಲೆಗೆ ಹೊಂದದಿರುವ ಸೋಜಿಗದ ಉದಾಹರಣೆಯೊಂದನ್ನು ಬ್ರೆಜಿಲ್ ದೇಶದ ಸಂಶೋಧಕರು ೧೯೮೫ರಲ್ಲಿ ಪ್ರಕಟಿಸಿದರು. ರೆಸಿಫೆ ಎಂಬ ನಗರದ ಬೀದಿಗಳಲ್ಲಿ ತೆಂಗಿನಕಾಯಿ ಮುಂತಾದುವನ್ನು ಮಾರುವ ಐವರು ಮಕ್ಕಳ ಬಳಿಗೆ ಅವರು ಗಿರಾಕಿಗಳಾಗಿ ಹೋದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ ೯೮ನ್ನು ಮಕ್ಕಳು ಬಾಯಲ್ಲಿಯೇ ಸರಿಯಾಗಿ ಮಾಡಿದರು. ಅವೇ ಸಂಖ್ಯೆಗಳನ್ನು ಕಾಗದದ ಮೇಲೆ ಕೂಡಿಸುವ, ಗುಣಿಸುವ ಲೆಕ್ಕಗಳಾಗಿ ಬರೆದು ಕೊಟ್ಟಾಗ ಸರಿಯುತ್ತರಗಳು ಶೇಕಡಾ ೩೭ಕ್ಕೆ ಇಳಿದವು. ೨೦೨೫ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯ ಮಕ್ಕಳಲ್ಲೂ ಇದನ್ನೇ ಕಂಡಿತು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಇದಕ್ಕೆ ತದ್ವಿರುದ್ಧವಾಗಿ, ಹಲಗೆಯ ಲೆಕ್ಕವನ್ನು ಮಾಡಬಲ್ಲವರಾದರೂ ಸಂತೆಯ ಲೆಕ್ಕದಲ್ಲಿ ತಡವರಿಸಿದರು.

ಭಾಲ್ಕಿಯ ಸಂತೆಯಲ್ಲಿ ತಾಯಿಯೊಡನೆ ಕುಳಿತು ಕಾಲು ಕಿಲೋ, ಅರ್ಧ ಕಿಲೋ ತೂಗಿ ಚಿಲ್ಲರೆ ಎಣಿಸಿ ಕೊಡುವ ಹುಡುಗಿಯು ಗಣಿತದಲ್ಲಿ ನಪಾಸಾದರೆ, ಅವಳಿಗೆ ಲೆಕ್ಕ ಬಾರದೆಂದು ಹೇಳುವಂತಿಲ್ಲ. ಅವಳ ಲೆಕ್ಕವನ್ನು ಕಾಗದಕ್ಕೆ ಇಳಿಸುವ ದಾರಿಯನ್ನು ಯಾರೂ ಅವಳಿಗೆ ತೋರಿಸಲಿಲ್ಲವೆಂದು ಹೇಳಬೇಕು.

ತಾಯಿ ಕಲಿತ ನಾಲ್ಕು ಅಕ್ಷರ

ಸಂಶೋಧಕರು ಎಲ್ಲೆಲ್ಲಿ ಹುಡುಕಿದರೂ ಮತ್ತೆ ಮತ್ತೆ ಕಂಡ ಸಂಗತಿಯೆಂದರೆ ತಾಯಿಯ ಓದಿನ ಮಹತ್ವ. ಪಾಕಿಸ್ತಾನದ ಪಂಜಾಬಿನ ಹಳ್ಳಿಗಳ ವಿಷಯವಾಗಿ ೨೦೧೨ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಲವೇ ವರ್ಷ ಶಾಲೆಗೆ ಹೋಗಿದ್ದ ತಾಯಂದಿರ ಮಕ್ಕಳೂ ಶಾಲೆಯನ್ನೇ ಕಾಣದ ತಾಯಂದಿರ ಮಕ್ಕಳಿಗಿಂತ ಮನೆಯಲ್ಲಿ ದಿನಕ್ಕೆ ೭೨ ನಿಮಿಷ ಹೆಚ್ಚಾಗಿ ಓದು ಬರಹದಲ್ಲಿ ತೊಡಗಿದ್ದರು. ಅವರ ಪರೀಕ್ಷೆಯ ಅಂಕಗಳೂ ಮೇಲಿದ್ದವು. ಅಷ್ಟು ಅಲ್ಪ ವಿದ್ಯೆಯ ತಾಯಿ ಪಾಠ ಹೇಳಿಕೊಡಲಾರಳು. ಆದರೆ ಪುಸ್ತಕ ತೆರೆಯುವ ವೇಳೆಯನ್ನು ಅವಳು ಗೊತ್ತುಮಾಡಬಲ್ಲಳು. ‘ಇಂದು ಏನು ಕಲಿಸಿದರು?’ ಎಂದು ಕೇಳಬಲ್ಲಳು.

೨೦೧೧ರ ಜನಗಣತಿಯ ಪ್ರಕಾರ ಬೀದರ ಜಿಲ್ಲೆಯ ಗಂಡಸರಲ್ಲಿ ಶೇಕಡಾ ೭೯ ಮಂದಿಯೂ ಹೆಂಗಸರಲ್ಲಿ ಶೇಕಡಾ ೬೧ರಿಂದ ೬೨ ಮಂದಿಯೂ ಅಕ್ಷರಸ್ಥರಾಗಿದ್ದರು. ಅಂದು ಅಕ್ಷರ ಬಾರದಿದ್ದ ತರುಣಿಯರಲ್ಲಿ ಅನೇಕರು ಇಂದು ಹೈಸ್ಕೂಲು ಓದುವ ಮಕ್ಕಳ ತಾಯಂದಿರು. ಇಂಥ ಮನೆಗಳಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಆ ಮಕ್ಕಳೇ. ಅರ್ಜಿ ತುಂಬುವುದು, ವಿಷಯ ಆರಿಸಿಕೊಳ್ಳುವುದು, ಸಂದೇಹ ಕೇಳುವುದು ಎಲ್ಲವನ್ನೂ ಅವರು ತಾವಾಗಿಯೇ ಕಂಡುಕೊಳ್ಳಬೇಕು.

ದುಡಿಮೆ, ವಲಸೆ ಮತ್ತು ಚಿಂತೆ

ನಾಲ್ಕನೆಯ ದಾರಿ ಕಾಲದ್ದು. ಬೀದರ ಸೀಮೆಯ ಮುಖ್ಯ ಬೆಳೆಗಳು ಹೆಸರು, ಉದ್ದು, ಸೋಯಾ, ತೊಗರಿ, ಕಬ್ಬು. ಹೆಸರಿನ ಕಾಯಿ ಮಾಗಿದಾಗ ಬಿಡಿಸಲು ತಡಮಾಡುವಂತಿಲ್ಲ. ಮಳೆ ಬಿದ್ದರೆ ಕಾಳು ಕೆಡುತ್ತದೆ. ಮನೆಮಂದಿಯೆಲ್ಲ ಹೊಲಕ್ಕಿಳಿದಾಗ ದೊಡ್ಡ ಮಗನು ಕೈಗೂಡಿಸುವನು. ದೊಡ್ಡ ಮಗಳು ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿ ಉಳಿಯುವಳು. ನಾಲ್ಕು ದಿನ ತಪ್ಪಿದ ಪಾಠವು ಇತಿಹಾಸದಲ್ಲಾದರೆ ಒಂದು ಅಧ್ಯಾಯದ ನಷ್ಟ. ಗಣಿತದಲ್ಲಿ ಭಿನ್ನರಾಶಿಯ ನಾಲ್ಕು ದಿನಗಳು ತಪ್ಪಿದರೆ ಅದರ ಮೇಲೆ ಕಟ್ಟುವ ಶೇಕಡಾ, ಬಡ್ಡಿ, ಬೀಜಗಣಿತ ಎಲ್ಲವೂ ಅಲುಗಾಡುತ್ತವೆ. ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳಿಗಂತೂ ಈ ನಷ್ಟ ತಿಂಗಳುಗಟ್ಟಲೆ ಆಗುತ್ತದೆ.

ಬಡತನವು ಹಿರಿಯರ ಮನಸ್ಸಿನ ಮೇಲೂ ಭಾರ ಹೇರುತ್ತದೆ. ತಮಿಳುನಾಡಿನ ೪೬೪ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗಲೂ ಕಟಾವಿನ ನಂತರ ಹಣ ಬಂದಾಗಲೂ ಪರೀಕ್ಷಿಸಿದ ಸಂಶೋಧಕರು ೨೦೧೩ರಲ್ಲಿ ಒಂದು ವಿಚಿತ್ರವನ್ನು ವರದಿಮಾಡಿದರು. ಅದೇ ರೈತನು ಹಣದ ಚಿಂತೆಯಲ್ಲಿದ್ದಾಗ ಬುದ್ಧಿಯ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದಿದ್ದನು. ಈ ಫಲಿತಾಂಶವು ಎಷ್ಟು ದೃಢವೆಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಆದರೂ ಸಾಲದ ಕಂತನ್ನು ಎಣಿಸುತ್ತ ಕುಳಿತ ತಂದೆಗೆ ಮಗನ ನೋಟುಬುಕ್ಕನ್ನು ತೆರೆದು ನೋಡುವ ಸಮಾಧಾನ ಇರಲಾರದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಕ್ಕಳ ವಿದ್ಯೆಯಲ್ಲಿ ಅವನಿಗೆ ಅಕ್ಕರೆಯಿಲ್ಲವೆಂದು ಇದರಿಂದ ತಿಳಿಯಬಾರದು. ಉತ್ತರ ಭಾರತದ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ ೧೯೯೯ರಲ್ಲಿ ಪ್ರಕಟವಾದ ‘ಪ್ರೋಬ್’ ವರದಿಯು, ಬಡ ತಂದೆತಾಯಿಗಳಲ್ಲಿ ಬಹುತೇಕರು ಮಕ್ಕಳ ಓದನ್ನು ಮನಸಾರೆ ಬಯಸುವರೆಂದು ತೋರಿಸಿ, ಅವರಿಗೆ ಓದು ಬೇಡವೆಂಬ ಹಳೆಯ ಅಪವಾದವನ್ನು ಅಳಿಸಿತು.

ವಂಶವೋ, ಮನೆಯೋ?

ಇಲ್ಲಿ ಚತುರರಾದ ವಾಚಕರು ಒಂದು ಆಕ್ಷೇಪಣೆಯನ್ನು ಎತ್ತಬಹುದು. ಓದಿದ ತಾಯಿಯ ಮಗು ಜಾಣನಾಗಿರುವುದು ಮನೆಯ ಪ್ರಭಾವದಿಂದಲೋ, ತಾಯಿಯಿಂದ ಬಂದ ಆನುವಂಶಿಕ ಗುಣದಿಂದಲೋ? ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಆಕ್ಷೇಪಣೆ ಸರಿಯಾದುದೇ.

ಇದನ್ನು ಬಿಡಿಸಲು ಒಂದು ಉಪಾಯವುಂಟು. ಮಗುವು ಅದೇ ಇದ್ದು ಮನೆ ಮಾತ್ರ ಬದಲಾದರೆ ಏನಾಗುವುದೆಂದು ನೋಡಬೇಕು. ಫ್ರಾನ್ಸ್ ದೇಶದ ಮಿಶೆಲ್ ದ್ಯುಯಿಮ್ ಮತ್ತು ಸಂಗಡಿಗರು ೧೯೯೯ರಲ್ಲಿ ಇಂಥ ೬೫ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಹೆತ್ತವರ ಆರೈಕೆ ದೊರೆಯದೆ ಬೆಳೆದಿದ್ದ ಅವರ ಬುದ್ಧಿಸೂಚಿಯು ನಾಲ್ಕೈದು ವರ್ಷದ ವಯಸ್ಸಿನಲ್ಲಿ ೮೬ಕ್ಕಿಂತ ಕೆಳಗಿದ್ದಿತು. ಆಮೇಲೆ ಬೇರೆ ಬೇರೆ ಅಂತಸ್ತಿನ ಕುಟುಂಬಗಳು ಅವರನ್ನು ದತ್ತು ತೆಗೆದುಕೊಂಡವು. ಹದಿಹರೆಯಕ್ಕೆ ಬರುವಷ್ಟರಲ್ಲಿ, ಬಡ ಮನೆಗೆ ಸೇರಿದವರ ಸೂಚಿಯು ಸರಾಸರಿ ೮ ಅಂಶಗಳಷ್ಟೂ ಅನುಕೂಲದ ಮನೆಗೆ ಸೇರಿದವರದು ೧೯ಕ್ಕೂ ಹೆಚ್ಚು ಅಂಶಗಳಷ್ಟೂ ಏರಿದ್ದಿತು. ವಂಶದ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ಬೀಜಕ್ಕೆ ತನ್ನ ಗುಣವಿದ್ದೇ ಇದೆ. ಆದರೆ ಬಿದ್ದ ನೆಲವೂ ಇಳುವರಿಯನ್ನು ನಿರ್ಣಯಿಸುತ್ತದೆ. ನಾಲ್ಕು ವರ್ಷಕ್ಕೆ ದಡ್ಡನೆಂದು ಕಂಡವನು ಹದಿನಾಲ್ಕಕ್ಕೆ ಹಾಗೆಯೇ ಉಳಿಯಬೇಕಾಗಿಲ್ಲ.

ಶಾಲೆಯು ಮನೆಯ ಕೊರತೆಯನ್ನು ತುಂಬಬಲ್ಲುದೆ?

ಎಲ್ಲ ಮಕ್ಕಳಿಗೂ ಬೇರೆ ಮನೆಗಳನ್ನು ಕೊಡಲಾಗದು, ಕೊಡಬೇಕಾದುದೂ ಇಲ್ಲ. ಮನೆಯಲ್ಲಿ ಇಲ್ಲದುದನ್ನು ಶಾಲೆಯ ಆಸುಪಾಸಿನಲ್ಲಿ ಒದಗಿಸಿದರೆ ಸಾಕು. ಬೀದರಿನ ಇತಿಹಾಸದಲ್ಲೇ ಇದಕ್ಕೆ ಎರಡು ದೊಡ್ಡ ನಿದರ್ಶನಗಳುಂಟು. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಪಾಠದ ಕೋಣೆಗಳ ಜೊತೆಗೆ ಗುರುಗಳೂ ವಿದ್ಯಾರ್ಥಿಗಳೂ ವಾಸಿಸುವ ಕೋಣೆಗಳೂ ಗ್ರಂಥಾಲಯವೂ ಇದ್ದವು. ಓದುವವನಿಗೆ ಪಾಠದಷ್ಟೇ ಸೂರೂ ಬೇಕೆಂಬ ಅರಿವು ಆ ಕಟ್ಟಡದ ನಕ್ಷೆಯಲ್ಲೇ ಇದೆ. ಇತ್ತೀಚಿನ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಸೀಮೆಯಲ್ಲಿ ಮನೆಮಾತು. ಮಕ್ಕಳಿಗೆ ಮನೆಯ ಮಾತಿನಲ್ಲೇ ಪಾಠವನ್ನೂ ಜೊತೆಗೆ ಅನ್ನವನ್ನೂ ಅವರು ಒದಗಿಸಿದರು.

ಪಾಠದ ಕ್ರಮದಲ್ಲೂ ಉಪಾಯಗಳುಂಟು. ಬರೋಡ ಮತ್ತು ಮುಂಬಯಿಯ ಶಾಲೆಗಳಲ್ಲಿ ೨೦೦೧ರಿಂದ ಮೂರು ವರ್ಷ, ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ನೆರೆಹೊರೆಯ ಓದಿದ ತರುಣಿಯರಿಂದ ಅವರವರ ಮಟ್ಟದ ಪಾಠವನ್ನು ಹೇಳಿಸುವ ಪ್ರಯೋಗ ನಡೆಯಿತು. ಶಾಲೆಗಳನ್ನು ಚೀಟಿ ಎತ್ತಿದಂತೆ ಆರಿಸಿದ್ದುದರಿಂದ ಹೋಲಿಕೆ ನ್ಯಾಯವಾಗಿತ್ತು. ಅಂಕಗಳು ಗಮನಾರ್ಹವಾಗಿ ಏರಿದವು. ಅತಿ ಹೆಚ್ಚು ಲಾಭ ಪಡೆದವರು ತರಗತಿಯಲ್ಲಿ ತೀರ ಕೆಳಗಿದ್ದ ಮಕ್ಕಳೇ. ಕಲಿಸಿದವರು ದೊಡ್ಡ ಪದವೀಧರರಲ್ಲ. ಹೈಸ್ಕೂಲು ಮುಗಿಸಿದ ಹುಡುಗಿಯರು.

ಹೈಸ್ಕೂಲು, ಕಾಲೇಜುಗಳಲ್ಲಿರುವ ವಾಚಕರು ಈ ಕೊನೆಯ ಮಾತನ್ನು ವಿಶೇಷವಾಗಿ ಯೋಚಿಸಬೇಕು. ನೌಬಾದದ ಓಣಿಯಲ್ಲಾಗಲಿ ಔರಾದದ ತಾಂಡಾದಲ್ಲಾಗಲಿ ತಂದೆತಾಯಿಗಳಿಗೆ ಓದು ಬಾರದ ಮನೆಯಲ್ಲಿ ಅಕ್ಷರ ಬಲ್ಲ ಹಿರಿಯರೆಂದರೆ ಅನೇಕ ವೇಳೆ ಕಾಲೇಜಿಗೆ ಹೋಗುವ ಅಕ್ಕ ಅಥವಾ ಅಣ್ಣನೇ. ಸಂಜೆ ಅರ್ಧ ಗಂಟೆ ಟೆಲಿವಿಷನ್ ಆರಿಸಿ ತಮ್ಮನ ಪುಸ್ತಕವನ್ನು ಗಟ್ಟಿಯಾಗಿ ಓದಿಸುವುದು, ಅವನಿಗೆ ತಿಳಿಯದ ಪದವನ್ನು ಮನೆಯ ಮಾತಿನಲ್ಲಿ ಹೇಳುವುದು, ತಪ್ಪಿದ ಪಾಠದ ಟಿಪ್ಪಣಿಯನ್ನು ಗೆಳೆಯರಿಂದ ತರಿಸಿಕೊಡುವುದು, ಇವಕ್ಕೆ ಹಣ ಬೇಕಾಗಿಲ್ಲ. ಪಕ್ಕದ ಮನೆಯ ಹುಡುಗಿಯನ್ನೂ ಜೊತೆಗೆ ಕೂರಿಸಿಕೊಂಡರೆ ಖರ್ಚೇನೂ ಹೆಚ್ಚಾಗದು. ಇನ್ನು ‘ದಡ್ಡ’ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ, ಆ ಮಗುವು ಬೆಳಗ್ಗೆ ಏನು ಉಂಡಿತು, ಮನೆಯಲ್ಲಿ ಯಾವ ಮಾತನ್ನಾಡುತ್ತದೆ, ಎಷ್ಟು ದಿನ ಹೊಲಕ್ಕೆ ಹೋಗಿತ್ತು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳೋಣ. ಅವಕ್ಕೆ ಉತ್ತರ ದೊರೆತ ಮೇಲೆ ಆ ಮಾತಿನ ಅಗತ್ಯ ಬಹುಶಃ ಬೀಳಲಾರದು.